ಮೆಡಿಟರೇನಿಯನ್ ಮಾದರಿಯ ಕುರಿಮಾಂಸದ ಬರ್ಗರ್: ಮನೆಯಲ್ಲಿ ತಯಾರಿಸುವ ವಿಧಾನ

(ರೈತ ಮಹಿಳೆಯರ ಆಹಾರ ತಯಾರಿಕಾ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕುರಿ ಸಾಕುವವರ ಮುಂದೆ ನಿಂತು ಕುರಿಮಾಂಸದ ಅಡುಗೆ ಹೇಳಿಕೊಡಲು ಹೊರಡುವುದು ಸ್ವಲ್ಪ ಧೈರ್ಯದ ಕೆಲಸವೇ ಸರಿ. ಕೈಮದ ಉಂಡೆ ಸಾರು, ಚಾಪ್ಸು, ತಲೆಮಾಂಸ, ಕಾಲು ಸೂಪು ಇವುಗಳ ವಿಷಯದಲ್ಲಿ ನಾನು ನಿಮಗೆ ಹೇಳಬೇಕಾದ್ದು ಏನೂ ಇಲ್ಲ. ನಿಮ್ಮಿಂದ ನಾನೇ ಕಲಿಯಬೇಕಾದ್ದು ಬಹಳ ಇದೆ. ಆದರೆ ಕಳೆದ ಶಿಬಿರದಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳಿದರು. "ಪಟ್ಟಣಕ್ಕೆ ಓದಲು ಹೋದ ಮಕ್ಕಳು ಊರಿಗೆ ಬಂದಾಗ ಬರ್ಗರ್ ಬೇಕು ಎನ್ನುತ್ತಾರೆ. ನಮ್ಮ ಕೊಟ್ಟಿಗೆಯಲ್ಲೇ ಕುರಿ ಇರುವಾಗ ಅದನ್ನು ಮನೆಯಲ್ಲಿ ಮಾಡಲು ಬರುವುದಿಲ್ಲವೇ?" ಎಂದು. ಖಂಡಿತ ಬರುತ್ತದೆ. ಅದರಲ್ಲೂ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಮಾದರಿ ನಮ್ಮ ಅಡುಗೆ ಮನೆಗೆ ಬಹಳ ಹತ್ತಿರದ್ದು. ಇಂದು ಅದನ್ನು ಹಂತ ಹಂತವಾಗಿ ತಿಳಿಸುತ್ತೇನೆ. ಜೊತೆಗೆ, ಈ ಅಡುಗೆಯಲ್ಲಿ ನಾನೇ ಒಮ್ಮೆ ಮಾಡಿದ ದೊಡ್ಡ ತಪ್ಪೊಂದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ರುಚಿಗಿಂತ ಮೊದಲು ಆ ಪಾಠ ನಿಮಗೆ ತಲುಪಬೇಕು ಎಂಬುದು ನನ್ನ ಆಸೆ.

ಇದು ಎಲ್ಲಿಯ ಅಡುಗೆ?

ಟರ್ಕಿ, ಗ್ರೀಸ್, ಸಿರಿಯ, ಲೆಬನಾನ್, ಮೊರಾಕೊ ಮುಂತಾದ ದೇಶಗಳ ಬಹುಭಾಗ ಕಲ್ಲುಗುಡ್ಡಗಳ ಒಣ ನೆಲ. ಮಳೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣಗಿರುತ್ತದೆ. ದನಗಳಿಗೆ ಸಾಕಾಗುವಷ್ಟು ಹುಲ್ಲಿಲ್ಲದ ಇಂಥ ನೆಲದಲ್ಲಿ ಕುರಿ ಮೇಕೆಗಳೇ ಆಧಾರ. ಕುರಿಯನ್ನು ಮನುಷ್ಯ ಮೊದಲು ಪಳಗಿಸಿದ್ದು ಸಹ ಇದೇ ದಿಕ್ಕಿನಲ್ಲಿ, ಅಂದರೆ ನೈಋತ್ಯ ಏಷ್ಯದಲ್ಲಿ, ಸುಮಾರು 10,000 ವರ್ಷಗಳ ಹಿಂದೆ. ಆದ್ದರಿಂದ ಕುರಿಮಾಂಸವನ್ನು ಕೊಚ್ಚಿ, ಮಸಾಲೆ ಬೆರೆಸಿ, ಉಂಡೆ ಅಥವಾ ಬಿಲ್ಲೆ ಮಾಡಿ ಕೆಂಡದ ಮೇಲೆ ಸುಡುವ ಅಡುಗೆ ಅಲ್ಲಿ ಮನೆಮನೆಯಲ್ಲೂ ಇದೆ.

ಟರ್ಕಿಯವರು ಇದನ್ನು ಕೊಫ್ತೆ ಎನ್ನುತ್ತಾರೆ, ಲೆಬನಾನಿನವರು ಕಫ್ತಾ, ಮೊರಾಕೊದವರು ಕೆಫ್ತಾ, ಗ್ರೀಕರು ಕೆಫ್ತೇದೆಸ್. ಹೆಸರುಗಳ ಮೂಲ ಒಂದೇ. 'ಜಜ್ಜು, ಕುಟ್ಟು' ಎಂಬ ಅರ್ಥದ ಪಾರಸಿ ಪದದಿಂದ ಅವೆಲ್ಲ ಬಂದಿವೆ. ನಮ್ಮ ಹೋಟೆಲುಗಳ ಕೋಫ್ತಾ ಸಹ ಅದೇ. ಕೊಚ್ಚಿದ ಮಾಂಸಕ್ಕೆ ಟರ್ಕಿ ಭಾಷೆಯಲ್ಲಿ ಕಿಯ್ಮಾ ಎನ್ನುತ್ತಾರೆ. ಅದೇ ಉರ್ದುವಿನಲ್ಲಿ ಕೀಮಾ ಆಯಿತು, ನಮ್ಮಲ್ಲಿ ಕೈಮ ಆಯಿತು. ಹೀಗೆ ಈ ಅಡುಗೆಯ ಹೆಸರಾದರೂ ನಮ್ಮ ಊರುಗಳಿಗೆ ಬಂದು ಎಷ್ಟೋ ಕಾಲವಾಗಿದೆ.

ಇದು ಬಹಳ ಹಳೆಯ ಅಡುಗೆಯೂ ಹೌದು. ಅಪೀಸಿಯಸ್ ಎಂಬ ಹೆಸರಿನಲ್ಲಿ ಉಳಿದು ಬಂದಿರುವ ಪ್ರಾಚೀನ ರೋಮನ್ ಅಡುಗೆ ಗ್ರಂಥದಲ್ಲಿ, ಕೊಚ್ಚಿದ ಮಾಂಸಕ್ಕೆ ವೈನಿನಲ್ಲಿ ನೆನೆಸಿದ ಬ್ರೆಡ್ಡನ್ನೂ ಕಾಳುಮೆಣಸನ್ನೂ ಸೇರಿಸಿ, ಕರುಳಿನ ಮೇಲಿನ ಕೊಬ್ಬಿನ ಬಲೆಯಲ್ಲಿ ಸುತ್ತಿ ಬೇಯಿಸುವ ವಿಧಾನವಿದೆ. ಆ ಕಾಳುಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು. ಕೊಬ್ಬಿನ ಬಲೆಯಲ್ಲಿ ಸುತ್ತುವ ಪದ್ಧತಿ ಸೈಪ್ರಸ್ ದ್ವೀಪದಲ್ಲಿ ಇಂದಿಗೂ ಇದೆ.

ಬರ್ಗರ್ ಎಂಬ ಹೆಸರು ಮಾತ್ರ ಬೇರೆ ಕಡೆಯದು. ಅದು ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಹೆಸರಿನಿಂದ ಬಂದದ್ದು. ಬಿಲ್ಲೆಯನ್ನು ಬನ್ನಿನ ನಡುವೆ ಇಟ್ಟು ತಿನ್ನುವ ರೂಢಿ ಬೆಳೆದದ್ದು ಅಮೆರಿಕದಲ್ಲಿ. ಕೊಫ್ತೆಯ ಮಸಾಲೆ, ಬರ್ಗರಿನ ಆಕಾರ ಇವೆರಡೂ ಸೇರಿದ್ದೇ ನಾವು ಇಂದು ಮಾಡಲಿರುವ ತಿಂಡಿ.

ಉಂಡೆಗೂ ಬಿಲ್ಲೆಗೂ ಇರುವ ವ್ಯತ್ಯಾಸ

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಭಾನುವಾರ ಮನೆಗೆ ನೆಂಟರು ಬರುವವರಿದ್ದರು. ಶನಿವಾರ ಸಂಜೆಯೇ ಕೈಮ ಮಾಡಿಸಿ ತಂದು ಫ್ರಿಜ್ಜಿನಲ್ಲಿಟ್ಟೆ. ರಾತ್ರಿಯೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಬೆಳಿಗ್ಗೆ ಮೂಸಿ ನೋಡಿದೆ, ವಾಸನೆಯೇನೂ ಇರಲಿಲ್ಲ. ಎರಡು ಬೆರಳು ದಪ್ಪದ ಬಿಲ್ಲೆಗಳನ್ನು ತಟ್ಟಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಹಾಕಿದೆ. ಎರಡೂ ಕಡೆ ಕೆಂಪಗೆ, ನೋಡಲು ಬಹಳ ಚೆಂದವಾಗಿ ಬಂದವು. ಎಲ್ಲರೂ ಹೊಗಳಿದರು. ಅಂದು ರಾತ್ರಿಯೇ ನಮ್ಮ ನಾದಿನಿಯ ಐದು ವರ್ಷದ ಮಗನಿಗೆ ವಾಂತಿ ಭೇದಿ ಹಿಡಿಯಿತು. ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿಸಬೇಕಾಯಿತು. ದೊಡ್ಡವರಲ್ಲೂ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಅರೆಬೆಂದ ಮಾಂಸವೇ ಕಾರಣವಿರಬೇಕು ಎಂದರು ವೈದ್ಯರು. ಮಗು ಗುಣವಾಯಿತು ನಿಜ. ಆದರೆ ಆ ಮೂರು ದಿನ ನಾದಿನಿಯ ಮುಖ ನೋಡಲು ನನಗೆ ಆಗಲಿಲ್ಲ.

ನನಗೆ ಅರ್ಥವಾಗದೆ ಅತ್ತೆಯವರನ್ನು ಕೇಳಿದೆ: "ನೀವು ಎಷ್ಟು ವರ್ಷದಿಂದ ಕೈಮದ ಉಂಡೆ ಮಾಡುತ್ತಿದ್ದೀರಿ, ಒಂದು ದಿನವೂ ಹೀಗೆ ಆಗಿಲ್ಲವಲ್ಲ?"

ಅವರು ಹೇಳಿದ್ದು ಇಷ್ಟೇ: "ಅಲ್ಲ ಕಣವ್ವ, ಉಂಡೆ ಸಾರಲ್ಲಿ ಮುಳುಗಿ ಕುದೀತದೆ. ನಿನ್ನ ಬಿಲ್ಲೆ ಎಲ್ಲಿ ಕುದೀತು?"

ಓದಿದ ವಿಜ್ಞಾನವನ್ನೆಲ್ಲ ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಅದನ್ನು ಸ್ವಲ್ಪ ವಿವರಿಸುತ್ತೇನೆ. ಕುರಿ ಕೊಯ್ಯುವಾಗ ಕರುಳಿನಿಂದ, ಚರ್ಮದಿಂದ, ಕೈ ಮತ್ತು ಕತ್ತಿಯಿಂದ ರೋಗಾಣುಗಳು ಮಾಂಸದ ಹೊರಮೈಗೆ ತಗಲುತ್ತವೆ. ಇ. ಕೋಲೈ, ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಗಳು ಇವುಗಳಲ್ಲಿ ಮುಖ್ಯವಾದವು. ಮಾಂಸ ಇಡೀ ತುಂಡಾಗಿದ್ದಾಗ ಅವು ಬಹುಮಟ್ಟಿಗೆ ಹೊರಮೈಯಲ್ಲೇ ಇರುತ್ತವೆ. ಬಿಸಿ ತಾಗಿದ ಕೂಡಲೇ ಸಾಯುತ್ತವೆ. ಆದರೆ ಅದೇ ತುಂಡನ್ನು ಕೈಮ ಮಾಡಿದಾಗ ಹೊರಗಿದ್ದದ್ದು ಒಳಗೆ ಸೇರುತ್ತದೆ. ಬಿಲ್ಲೆಯ ನಟ್ಟನಡುವೆಯೂ ರೋಗಾಣು ಇರಬಹುದು. ಸಾರಿನಲ್ಲಿ ಹಾಕಿದ ಉಂಡೆಗೆ ಎಲ್ಲ ಕಡೆಯಿಂದಲೂ ಕುದಿಯುವ ಬಿಸಿ ಹೊತ್ತುಗಟ್ಟಲೆ ತಾಗುತ್ತದೆ. ಕಾವಲಿಯ ಮೇಲಿನ ಬಿಲ್ಲೆಗೆ ಬಿಸಿ ತಾಗುವುದು ಒಂದೊಂದು ಸಲ ಒಂದೊಂದು ಮೈಗೆ, ಅದೂ ಕೆಲವೇ ನಿಮಿಷ. ಹೊರಗೆ ಕೆಂಪಾದರೂ ಒಳಗೆ ಹಸಿಯಾಗಿ ಉಳಿಯಬಹುದು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ 1992-93ರ ಚಳಿಗಾಲದಲ್ಲಿ ಅರೆಬೆಂದ ದನದ ಮಾಂಸದ ಬರ್ಗರುಗಳನ್ನು ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತರು. ಅದಕ್ಕೆ ಕಾರಣವಾದ ಇ. ಕೋಲೈ ತಳಿ ದನಗಳಂತೆ ಕುರಿಗಳ ಕರುಳಿನಲ್ಲೂ ಇರಬಲ್ಲದು. ಲೆಬನಾನಿನಲ್ಲಿ ಕುರಿಮಾಂಸವನ್ನು ಹಸಿಯಾಗಿಯೇ ಅರೆದು ತಿನ್ನುವ ಕಿಬ್ಬೆ ಎಂಬ ಪದಾರ್ಥವಿದೆ. ಅಲ್ಲಿನ ಹಿರಿಯರು ಅದನ್ನು ಕುರಿ ಕೊಯ್ದ ದಿನವೇ ಮಾಡಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಟರ್ಕಿಯಲ್ಲೂ ಇಂಥದೇ ಹಸಿ ಕೊಫ್ತೆ ಇತ್ತು. ಆದರೆ ಇಂದು ಅಲ್ಲಿನ ಅಂಗಡಿಗಳಲ್ಲಿ ಆ ಹೆಸರಿನಿಂದ ಮಾರುವುದರಲ್ಲಿ ಮಾಂಸವೇ ಇರುವುದಿಲ್ಲ, ಗೋಧಿ ನುಚ್ಚಿನಿಂದ ಮಾಡುತ್ತಾರೆ. ತಲತಲಾಂತರದಿಂದ ಮಾಡಿ ಬಲ್ಲವರೇ ಇಷ್ಟು ಎಚ್ಚರ ವಹಿಸಿರುವಾಗ ನಾವು ಎಷ್ಟು ಜಾಗ್ರತೆಯಿಂದಿರಬೇಕು ಎಂಬುದನ್ನು ಯೋಚಿಸಿ.

ಆದುದರಿಂದ ಈ ಅಡುಗೆಗೆ ಎರಡೇ ಸೂತ್ರಗಳು. ಒಂದು, ಕೈಮ ಆದ ಗಳಿಗೆಯಿಂದ ಕಾವಲಿಗೆ ಬೀಳುವವರೆಗೆ ಮಾಂಸ ತಣ್ಣಗಿರಬೇಕು, ತಡವಾಗಬಾರದು. ಎರಡು, ಬಿಲ್ಲೆಯ ನಡುಭಾಗ ಬೆಂದಿದೆಯೆಂದು ಖಚಿತವಾಗದೆ ಇಳಿಸಬಾರದು. ಮುಂದೆ ಹೇಳುವುದೆಲ್ಲ ಇವೆರಡರ ವಿವರಣೆಯೇ.

ಮಾಂಸದ ಆಯ್ಕೆ

ಒಂದು ವರ್ಷದೊಳಗಿನ ಮರಿಯ ಮಾಂಸ ಈ ಅಡುಗೆಗೆ ಶ್ರೇಷ್ಠ. ಅದು ಮೃದುವಾಗಿರುತ್ತದೆ, ವಾಸನೆ ಕಡಿಮೆ. ತೊಡೆಯ ಮಾಂಸವೇ ಬೇಕು ಎಂದು ಹಲವರು ಕೇಳುತ್ತಾರೆ; ಬರ್ಗರಿಗೆ ಅದು ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಕೊಬ್ಬು ಕಡಿಮೆ. ಬೆಂದಾಗ ಒಣಗಿ ಹೊಟ್ಟಿನಂತಾಗುತ್ತದೆ. ಭುಜ, ಕತ್ತು ಹಾಗೂ ಎದೆಯ ಭಾಗಗಳು ಹೆಚ್ಚು ಸೂಕ್ತ. ಇಡೀ ತುಂಡಾಗಿ ಬೇಯಿಸಿದರೆ ಇವು ಗಟ್ಟಿ. ಕೈಮ ಮಾಡಿದರೆ ಇವುಗಳ ರುಚಿಯೇ ಹೆಚ್ಚು. ಮನೆಯಲ್ಲಿ ಕುರಿ ಕೊಯ್ದಾಗ ತೊಡೆಯನ್ನು ಸಾರಿಗೆ ಇಟ್ಟುಕೊಂಡು ಈ ಭಾಗಗಳನ್ನು ಕೈಮಕ್ಕೆ ತೆಗೆದಿಡಿ.

ಕೊಬ್ಬಿನ ಪ್ರಮಾಣ ಬಹಳ ಮುಖ್ಯ. ನಾಲ್ಕು ಪಾಲು ಮಾಂಸಕ್ಕೆ ಒಂದು ಪಾಲು ಕೊಬ್ಬು ಇರಬೇಕು. ಇಲ್ಲಿ ನಮ್ಮ ಕುರಿಗಳಿಗೂ ಆ ದೇಶಗಳ ಕುರಿಗಳಿಗೂ ಇರುವ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಸಿರಿಯ, ಲೆಬನಾನ್ ಕಡೆಯ ಅವಾಸ್ಸಿ, ಟರ್ಕಿಯ ಕರಮಾನ್ ಮುಂತಾದವು ದಪ್ಪಬಾಲದ ಕುರಿಗಳು. ಬಾಲದಲ್ಲಿ ಕೊಬ್ಬಿನ ದೊಡ್ಡ ಗಂಟೇ ಇರುತ್ತದೆ. ಒಣಗಾಲಕ್ಕೆ ಅದೇ ಅವುಗಳ ಕೂಡಿಟ್ಟ ಬುತ್ತಿ. ಟರ್ಕಿಯ ಅದಾನ ಪಟ್ಟಣದ ಹೆಸರಾಂತ ಕಬಾಬಿಗೆ ಮಾಂಸದೊಂದಿಗೆ ಈ ಬಾಲದ ಕೊಬ್ಬನ್ನೇ ಸೇರಿಸಿ, ಬಾಗಿದ ದೊಡ್ಡ ಕತ್ತಿಯಿಂದ ಕೈಯಲ್ಲೇ ಕೊಚ್ಚುತ್ತಾರೆ. ನಮ್ಮ ಬನ್ನೂರು, ಹಾಸನ, ಬಳ್ಳಾರಿ, ಡೆಕ್ಕನಿ, ಕೆಂಗುರಿ ಕುರಿಗಳಿಗೆ ಇರುವುದು ಸಣ್ಣ ಬಾಲ. ಆದ್ದರಿಂದ ಎದೆ ಹಾಗೂ ಪಕ್ಕೆಲುಬಿನ ಮೇಲಿನ ಕೊಬ್ಬನ್ನು ಬೇರೆಯಾಗಿ ಕೇಳಿ ತೆಗೆದುಕೊಳ್ಳಿ. ಮೂತ್ರಪಿಂಡದ ಸುತ್ತಲಿನ ಕೊಬ್ಬು ಬೇಡ. ಅದು ಬಹಳ ಗಡುಸು, ತಣ್ಣಗಾದಾಗ ಬಾಯಿಯಲ್ಲಿ ಮೇಣದಂತೆ ಅಂಟುತ್ತದೆ. ಮೇಕೆಯ ಮಾಂಸದಲ್ಲೂ ಮಾಡಬಹುದು. ಅದರಲ್ಲಿ ಕೊಬ್ಬು ಇನ್ನೂ ಕಡಿಮೆ ಇರುವುದರಿಂದ ಹೊರಗಿನಿಂದ ಸೇರಿಸುವುದು ಅನಿವಾರ್ಯ.

ಕೈಮ ಮಾಡುವುದು

ಸಾಧ್ಯವಾದ ಮಟ್ಟಿಗೆ ತುಂಡು ಮಾಂಸವನ್ನೇ ತಂದು ಮನೆಯಲ್ಲಿ ಕೈಮ ಮಾಡಿಕೊಳ್ಳಿ. ಅಂಗಡಿಯ ಯಂತ್ರದಲ್ಲಿ ಮಾಡಿಸುವುದಾದರೆ, ಯಂತ್ರ ತೊಳೆದ ಮೇಲೆ ಮೊದಲ ಸರದಿ ನಿಮ್ಮದಾಗಿರಲಿ. ಹಿಂದಿನವರ ಮಾಂಸದ ಚೂರು ಒಳಗೆ ಉಳಿದಿದ್ದರೆ ಅದರ ದೋಷ ನಿಮ್ಮ ಕೈಮಕ್ಕೂ ಬರುತ್ತದೆ.

ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಇದರಿಂದ ರೋಗಾಣುಗಳು ಹೋಗುವುದಿಲ್ಲ. ಬದಲಿಗೆ ನೀರು ಸಿಡಿದು ಪಕ್ಕದಲ್ಲಿರುವ ಸೌತೆಕಾಯಿ, ತಟ್ಟೆ, ಲೋಟಗಳಿಗೆ ಹರಡುತ್ತವೆ. ಮೂಳೆಯ ಚೂರು, ಕೂದಲು ಇದ್ದರೆ ಕೈಯಿಂದ ತೆಗೆದು, ಶುಭ್ರವಾದ ಒಣ ಬಟ್ಟೆಯಿಂದ ಒತ್ತಿ ಒರೆಸಿ, ಆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿಬಿಡಿ.

ಮಾಂಸವನ್ನೂ ಕೊಬ್ಬನ್ನೂ ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ, ತಟ್ಟೆಯಲ್ಲಿ ಹರಡಿ, ಅಂಚು ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಅರ್ಧ ಗಂಟೆ ಫ್ರಿಜ್ಜಿನ ಮೇಲಿನ ಮಂಜುಗಡ್ಡೆಯ ಅರೆಯಲ್ಲಿಡಿ. ಅನಂತರ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಸತತವಾಗಿ ತಿರುಗಿಸಿದರೆ ಬಿಸಿಯಾಗಿ ಕೊಬ್ಬು ಕರಗಿ ಮಾಂಸವೆಲ್ಲ ಮೆತ್ತಿಕೊಳ್ಳುತ್ತದೆ. ಅಂಥ ಬಿಲ್ಲೆಯಿಂದ ಕೊಬ್ಬೆಲ್ಲ ಕಾವಲಿಗೆ ಇಳಿದುಹೋಗಿ ಮಾಂಸ ಒಣಗುತ್ತದೆ. ಮಿಕ್ಸಿ ಇಲ್ಲದಿದ್ದರೆ ಮರದ ಮಣೆಯ ಮೇಲೆ ಎರಡು ಕತ್ತಿಗಳಿಂದ ಕೊಚ್ಚಬಹುದು. ಕೈಯಿಂದ ಕೊಚ್ಚಿದ ಕೈಮದ ರುಚಿಗೆ ಯಂತ್ರದ್ದು ಸಮನಾಗದು ಎಂದು ಅದಾನದವರು ಹೇಳುವುದು ಸುಳ್ಳಲ್ಲ.

ಬೇಕಾಗುವ ಸಾಮಾನುಗಳು (ಸುಮಾರು 10 ಬರ್ಗರುಗಳಿಗೆ)

ಕುರಿಮಾಂಸ - 800 ಗ್ರಾಂ
ಕೊಬ್ಬು - 200 ಗ್ರಾಂ
ಈರುಳ್ಳಿ - ದೊಡ್ಡದು 1
ಬೆಳ್ಳುಳ್ಳಿ - 4 ಎಸಳು
ಪುದೀನ ಸೊಪ್ಪು (ಹೆಚ್ಚಿದ್ದು) - ಅರ್ಧ ಬಟ್ಟಲು
ಕೊತ್ತಂಬರಿ ಸೊಪ್ಪು (ಹೆಚ್ಚಿದ್ದು) - ಅರ್ಧ ಬಟ್ಟಲು
ಹುರಿದು ಪುಡಿ ಮಾಡಿದ ಜೀರಿಗೆ - 2 ಟೀ ಚಮಚ
ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ - 2 ಟೀ ಚಮಚ
ಕಾಳುಮೆಣಸಿನ ಪುಡಿ - 1 ಟೀ ಚಮಚ
ಒಣಮೆಣಸಿನಕಾಯಿ ಪುಡಿ - 1 ಟೀ ಚಮಚ
ಚಕ್ಕೆ ಪುಡಿ - ಕಾಲು ಟೀ ಚಮಚ
ಹಿಂದಿನ ದಿನದ ಬ್ರೆಡ್ಡು - 2 ಹೋಳು
ಹಾಲು ಅಥವಾ ನೀರು - 4 ದೊಡ್ಡ ಚಮಚ
ಉಪ್ಪು - 15 ಗ್ರಾಂ
ಎಣ್ಣೆ - ಕಾವಲಿಗೆ ಸವರಲು

ಗ್ರೀಸ್, ಟರ್ಕಿ, ಲೆಬನಾನುಗಳಲ್ಲಿ ಕೊತ್ತಂಬರಿಗೆ ಬದಲು ಪಾರ್ಸ್ಲಿ ಎಂಬ ಸೊಪ್ಪನ್ನು ಬಳಸುತ್ತಾರೆ. ಅದು ಸಿಗಲಿಲ್ಲವೆಂದು ಚಿಂತೆ ಬೇಡ. ಮೊರಾಕೊದ ಕೆಫ್ತಾಗೆ ಕೊತ್ತಂಬರಿ ಸೊಪ್ಪು, ಜೀರಿಗೆಗಳೇ ಮುಖ್ಯ. ಆಲಿವ್ ಎಣ್ಣೆ ದುಬಾರಿ. ಕಾವಲಿಗೆ ಕಡಲೆಕಾಯಿ ಎಣ್ಣೆ ಚೆನ್ನಾಗಿಯೇ ಆಗುತ್ತದೆ. ಬ್ರೆಡ್ಡಿಗೆ ಬದಲು ನಮ್ಮ ಉಂಡೆಗೆ ಹಾಕುವಂತೆ ಹುರಿಗಡಲೆ ಹಿಟ್ಟನ್ನು 3 ದೊಡ್ಡ ಚಮಚದಷ್ಟು ಹಾಕಬಹುದು. ಆದರೆ ಅಳತೆ ಮೀರಬಾರದು, ಮೀರಿದರೆ ಬಿಲ್ಲೆ ಗಟ್ಟಿಯಾಗುತ್ತದೆ. ಗರಂ ಮಸಾಲೆ, ಲವಂಗ, ಶುಂಠಿಗಳನ್ನೆಲ್ಲ ಸೇರಿಸಬೇಡಿ. ಸೇರಿಸಿದರೆ ಅದು ನಮ್ಮ ಉಂಡೆಯ ರುಚಿಗೇ ಹೋಗುತ್ತದೆ. ಪುದೀನ, ಜೀರಿಗೆ ಮತ್ತು ಮಾಂಸ ಈ ಮೂರರ ರುಚಿ ಮುಂದೆ ನಿಲ್ಲಬೇಕು.

ಕಲಸುವುದು ಮತ್ತು ತಟ್ಟುವುದು

ಬ್ರೆಡ್ಡಿನ ಅಂಚು ತೆಗೆದು, ಹಾಲಿನಲ್ಲಿ ನೆನೆಸಿ, ಕಿವುಚಿ ಮುದ್ದೆ ಮಾಡಿಕೊಳ್ಳಿ. ಮಾಂಸ ಬೆಂದಾಗ ಬಿಡುವ ರಸವನ್ನು ಇದು ಹೀರಿ ಹಿಡಿದುಕೊಳ್ಳುತ್ತದೆ. ಈರುಳ್ಳಿಯನ್ನು ತುರಿದು, ಬಟ್ಟೆಯಲ್ಲಿ ಕಟ್ಟಿ, ನೀರನ್ನು ಪೂರ್ತಿ ಹಿಂಡಿ ತೆಗೆಯಿರಿ. ಈ ಕೆಲಸ ಬಿಟ್ಟರೆ ಬಿಲ್ಲೆ ಕಾವಲಿಯ ಮೇಲೆ ಒಡೆಯುತ್ತದೆ. ಹಿಂಡಿದ ನೀರನ್ನು ಚೆಲ್ಲಬೇಡಿ, ಸಾರಿಗೆ ಹಾಕಬಹುದು.

ಅಗಲವಾದ ಪಾತ್ರೆಯಲ್ಲಿ ಬ್ರೆಡ್ಡಿನ ಮುದ್ದೆ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಸೊಪ್ಪುಗಳು, ಮಸಾಲೆ ಪುಡಿಗಳನ್ನು ಮೊದಲು ಬೆರೆಸಿ. ಅದರ ಮೇಲೆ ತಣ್ಣನೆಯ ಕೈಮ ಹಾಕಿ. ಉಪ್ಪನ್ನು ಕೊನೆಗೆ ಹಾಕಬೇಕು.

ಉಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಉಪ್ಪು ಹಾಕಿ ನಾದುತ್ತಾ ಹೋದಂತೆ ಮಾಂಸದ ಪ್ರೋಟೀನು ಕರಗಿ ಅಂಟಿನಂತಾಗುತ್ತದೆ. ಸಲಾಕೆಗೆ ಮೆತ್ತಿ ಕೆಂಡದ ಮೇಲೆ ಸುಡುವ ಕಬಾಬಿಗೆ ಈ ಅಂಟು ಬೇಕು, ಇಲ್ಲವಾದರೆ ಮಾಂಸ ಕಳಚಿ ಬೆಂಕಿಗೆ ಬೀಳುತ್ತದೆ. ಬರ್ಗರಿಗೆ ಅಷ್ಟು ಅಂಟು ಬೇಡ. ಹೆಚ್ಚು ನಾದಿದರೆ ತಿನ್ನುವಾಗ ರಬ್ಬರಿನಂತೆ ಎಳೆಯುತ್ತದೆ. ಆದ್ದರಿಂದ ಉಪ್ಪು ಹಾಕಿದ ಮೇಲೆ ಒಂದು ನಿಮಿಷ, ಹೆಚ್ಚೆಂದರೆ ಎರಡು ನಿಮಿಷ ಬೆರಳುಗಳಿಂದ ಕಲಸಿ. ಎಲ್ಲವೂ ಒಂದಾಗಿ ಕೂಡಿಕೊಂಡರೆ ಸಾಕು. ಚಪಾತಿ ಹಿಟ್ಟಿನಂತೆ ನಾದಬೇಡಿ. ಉಪ್ಪು ಖಾರ ನೋಡಲು ಹಸಿ ಕೈಮವನ್ನು ನಾಲಗೆಗೆ ಹಚ್ಚಬೇಡಿ. ನೆಲ್ಲಿಕಾಯಿಯಷ್ಟನ್ನು ಚಪ್ಪಟೆ ಮಾಡಿ ಕಾವಲಿಯ ಮೇಲೆ ಪೂರ್ತಿ ಬೇಯಿಸಿ ರುಚಿ ನೋಡಿ.

ಕಲಸಿದ್ದನ್ನು 120 ಗ್ರಾಮಿನ ಭಾಗಗಳಾಗಿ ಮಾಡಿ, ಕೈಗೆ ತಣ್ಣೀರು ಮುಟ್ಟಿಸಿಕೊಂಡು ಬಿಲ್ಲೆ ತಟ್ಟಿ. ಅಗಲ 10 ಸೆಂಟಿಮೀಟರ್, ದಪ್ಪ ಒಂದೂವರೆ ಸೆಂಟಿಮೀಟರ್ ಇರಲಿ. ಇದಕ್ಕಿಂತ ದಪ್ಪ ಬೇಡ. ನಾನು ಮಾಡಿದ ತಪ್ಪು ಇಲ್ಲಿಯೇ ಇತ್ತು. ಬೇಯುವಾಗ ಅಂಚು ಕುಗ್ಗಿ ನಡುಭಾಗ ಉಬ್ಬುತ್ತದೆ; ಆದ್ದರಿಂದ ಉದ್ದಿನ ವಡೆಗೆ ತೂತು ಮಾಡುವ ಕಡೆ ಹೆಬ್ಬೆರಳಿನಿಂದ ಸಣ್ಣ ಗುಳಿ ಒತ್ತಿಬಿಡಿ. ಬೆಂದಾಗ ಸಮತಟ್ಟಾಗುತ್ತದೆ. ತಟ್ಟಿದ ಬಿಲ್ಲೆಗಳನ್ನು ಮುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಫ್ರಿಜ್ಜು ಇಲ್ಲದ ಮನೆಯವರು ತಟ್ಟಿದ ಕೂಡಲೇ ಬೇಯಿಸಬೇಕು. ಮಸಾಲೆ ಹಿಡಿಯಲಿ ಎಂದು ಹೊರಗೆ ಇಟ್ಟು ಕಾಯುವುದು ಸರ್ವಥಾ ಕೂಡದು.

ಬೇಯಿಸುವುದು

ದಪ್ಪ ಕಬ್ಬಿಣದ ಕಾವಲಿ ಉತ್ತಮ. ನೀರು ಚಿಮುಕಿಸಿದರೆ ಚುರ್ ಎನ್ನುವಷ್ಟು ಕಾದ ಮೇಲೆ ಉರಿಯನ್ನು ಮಧ್ಯಮಕ್ಕೆ ಇಳಿಸಿ, ತೆಳ್ಳಗೆ ಎಣ್ಣೆ ಸವರಿ. ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಹಾಕಿ. ಮೊದಲ ಮೈಗೆ 4ರಿಂದ 5 ನಿಮಿಷ. ತಾನಾಗಿಯೇ ಕಾವಲಿ ಬಿಟ್ಟು ಬರುವವರೆಗೆ ಎಬ್ಬಿಸಬೇಡಿ. ತಿರುವಿ ಹಾಕಿ ಮುಚ್ಚಳ ಮುಚ್ಚಿ ಇನ್ನು 4 ನಿಮಿಷ. ದೋಸೆಯಂತೆ ಸಟ್ಟುಗದಿಂದ ಒತ್ತಬೇಡಿ. ಒತ್ತಿದರೆ ರಸವೆಲ್ಲ ಹೊರಗೆ ಬರುತ್ತದೆ. ಈ ನಿಮಿಷಗಳೆಲ್ಲ ಅಂದಾಜು ಮಾತ್ರ. ನಿಮ್ಮ ಉರಿ, ನಿಮ್ಮ ಕಾವಲಿ ಬೇರೆ ಇರಬಹುದು.

ಹಾಗಾದರೆ ಬೆಂದದ್ದು ಗೊತ್ತಾಗುವುದು ಹೇಗೆ? ಮುರಿದು ನೋಡಿದಾಗ ಒಳಗೆ ಕೆಂಪು ಇಲ್ಲದಿದ್ದರೆ ಬೆಂದಿದೆ ಎಂದು ನಾವು ತಿಳಿಯುತ್ತೇವೆ. ಕೈಮದ ವಿಷಯದಲ್ಲಿ ಬಣ್ಣವನ್ನು ನಂಬುವಂತಿಲ್ಲ. ಕೆಲವು ಸಲ ರೋಗಾಣು ಸಾಯುವಷ್ಟು ಬಿಸಿಯಾಗುವ ಮೊದಲೇ ಕೈಮ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವು ಸಲ ಪೂರ್ತಿ ಬೆಂದ ಮೇಲೂ ಸ್ವಲ್ಪ ಕೆಂಪು ಉಳಿಯುತ್ತದೆ. ನಂಬಬಹುದಾದದ್ದು ಉಷ್ಣಮಾಪಕವನ್ನು ಮಾತ್ರ. ಅಡುಗೆಗೆಂದೇ ಮಾಡಿದ, ಚೂಪಾದ ಕಡ್ಡಿಯಿರುವ ಥರ್ಮಾಮೀಟರುಗಳು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಆಗದು. ಬಿಲ್ಲೆಯ ಪಕ್ಕದಿಂದ ನಡುಭಾಗಕ್ಕೆ ಕಡ್ಡಿ ಚುಚ್ಚಿ. 71 ಡಿಗ್ರಿ ಸೆಂಟಿಗ್ರೇಡ್ ತೋರಿಸಿದರೆ ಬೆಂದಿದೆ. ಪ್ರತಿಯೊಂದು ಬಿಲ್ಲೆಯನ್ನೂ ಹೀಗೆ ನೋಡಬೇಕು. ಒಮ್ಮೆ ಚುಚ್ಚಿದ ಕಡ್ಡಿಯನ್ನು ಸೋಪಿನ ನೀರಿನಲ್ಲಿ ತೊಳೆದು ಮತ್ತೆ ಬಳಸಿ. ಸ್ವಸಹಾಯ ಗುಂಪಿನವರು ಹತ್ತು ಮನೆಗೆ ಒಂದರಂತೆ ಕೊಂಡರೂ ಸಾಕು.

ಥರ್ಮಾಮೀಟರು ಇಲ್ಲದವರಿಗೆ ಅತ್ತೆಯವರ ದಾರಿಯೇ ಇದೆ. ಎರಡೂ ಮೈ ಕೆಂಪಗೆ ಬಾಡಿಸಿದ ಬಿಲ್ಲೆಗಳನ್ನು ಟೊಮೇಟೊ, ಬೆಳ್ಳುಳ್ಳಿ, ಜೀರಿಗೆ ಹಾಕಿ ಕುದಿಸಿದ ತೆಳು ಗೊಜ್ಜಿನಲ್ಲಿ ಮುಳುಗಿಸಿ, ಮುಚ್ಚಿ, 15 ನಿಮಿಷ ಕುದಿಸಿ. ಇದು ರುಚಿ ಕೆಡಿಸುವ ಉಪಾಯವೆಂದು ತಿಳಿಯಬೇಡಿ. ಲೆಬನಾನಿನಲ್ಲೂ ಟರ್ಕಿಯ ಇಜ್ಮೀರಿನಲ್ಲೂ ಟೊಮೇಟೊ ರಸದಲ್ಲಿ ಬೇಯಿಸಿದ ಕೊಫ್ತೆ ದಿನನಿತ್ಯದ ಮನೆ ಅಡುಗೆ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಥರ್ಮಾಮೀಟರು ಇಲ್ಲವಾದರೆ ಈ ದಾರಿಯನ್ನೇ ಅನುಸರಿಸಿ. ಅರೆಬೆಂದ ಕುರಿಮಾಂಸದಿಂದ ಬರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಸೋಂಕು ಗರ್ಭದಲ್ಲಿರುವ ಶಿಶುವಿಗೂ ಅಪಾಯಕಾರಿ.

ಇಳಿಸಿದ ಬಿಲ್ಲೆಗಳನ್ನು ಬೇರೆ ಶುಭ್ರವಾದ ತಟ್ಟೆಗೆ ತೆಗೆದು ಮೂರು ನಿಮಿಷ ಹಾಗೆಯೇ ಬಿಡಿ. ಹಸಿ ಬಿಲ್ಲೆ ಇಟ್ಟಿದ್ದ ತಟ್ಟೆಗೇ ಬೆಂದದ್ದನ್ನು ಇಡುವುದು ಎಲ್ಲರೂ ಅವಸರದಲ್ಲಿ ಮಾಡುವ ತಪ್ಪು. ಅದರಿಂದ ಪಟ್ಟ ಶ್ರಮವೆಲ್ಲ ವ್ಯರ್ಥ.

ಮೊಸರಿನ ಗೊಜ್ಜು ಮತ್ತು ಬಡಿಸುವ ಕ್ರಮ

ಗ್ರೀಕರು ಇದರೊಂದಿಗೆ ಜಾಟ್ಜೀಕಿ ಎಂಬ ಮೊಸರಿನ ಗೊಜ್ಜನ್ನು ಬಡಿಸುತ್ತಾರೆ. ಅರ್ಧ ಕಿಲೋ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತಂಪಾದ ಜಾಗದಲ್ಲಿ ಮೂರು ನಾಲ್ಕು ಗಂಟೆ ತೂಗುಹಾಕಿ. ಒಂದು ಸೌತೆಕಾಯಿ ತುರಿದು, ಚಿಟಿಕೆ ಉಪ್ಪು ಬೆರೆಸಿ, ಹತ್ತು ನಿಮಿಷದ ಮೇಲೆ ನೀರು ಹಿಂಡಿ. ಮೊಸರಿನ ಗಟ್ಟಿಗೆ ಸೌತೆಕಾಯಿ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಪುದೀನ, ಒಂದು ಚಮಚ ಎಣ್ಣೆ, ಅರ್ಧ ಹೋಳು ನಿಂಬೆರಸ ಬೆರೆಸಿದರೆ ಗೊಜ್ಜು ಸಿದ್ಧ. ನಮ್ಮ ಸೌತೆಕಾಯಿ ಪಚಡಿಯ ಅಣ್ಣತಮ್ಮನೇ ಎನ್ನಬಹುದು. ಒಗ್ಗರಣೆ ಮಾತ್ರ ಇಲ್ಲ. ಬಟ್ಟೆಯಿಂದ ಇಳಿದ ನೀರಿನಲ್ಲಿ ಸತ್ವವಿದೆ, ಚಪಾತಿ ಹಿಟ್ಟು ಕಲಸಲು ಬಳಸಿ.

ಸೌತೆಕಾಯಿ, ಟೊಮೇಟೊ, ಈರುಳ್ಳಿಗಳನ್ನು ಮಾಂಸ ಮುಟ್ಟುವುದಕ್ಕಿಂತ ಮೊದಲೇ ಹೆಚ್ಚಿಟ್ಟುಕೊಳ್ಳಿ. ಮಣೆ, ಕತ್ತಿ ಎರಡೂ ಬೇರೆಯಿದ್ದರೆ ಇನ್ನೂ ಒಳ್ಳೆಯದು. ತೆಳ್ಳಗೆ ಹೆಚ್ಚಿದ ಈರುಳ್ಳಿಗೆ ಉಪ್ಪು, ನಿಂಬೆರಸ ಹಾಕಿ ತಿಕ್ಕಿಡಿ. ಟರ್ಕಿಯಲ್ಲಿ ಇದಕ್ಕೆ ಸುಮಾಕ್ ಎಂಬ ಹುಳಿ ಪುಡಿ ಉದುರಿಸುತ್ತಾರೆ. ನಮಗೆ ನಿಂಬೆಯೇ ಸಾಕು.

ಬನ್ನನ್ನು ಅಡ್ಡಲಾಗಿ ಸೀಳಿ, ಒಳಮೈಯನ್ನು ಕಾವಲಿಯ ಮೇಲೆ ಬಿಸಿ ಮಾಡಿ. ಮೊಸರಿನ ಗೊಜ್ಜು ಸವರಿ, ಟೊಮೇಟೊ, ಅದರ ಮೇಲೆ ಬಿಲ್ಲೆ, ಮೇಲೆ ಈರುಳ್ಳಿ ಇಟ್ಟು ಮುಚ್ಚಿ. ಬೇಕರಿಯಲ್ಲಿ ಸಿಹಿಯಿಲ್ಲದ ಬನ್ನು ಕೇಳಿ ತನ್ನಿ. ಆ ದೇಶಗಳಲ್ಲಿ ಹೆಚ್ಚಾಗಿ ಚಪ್ಪಟೆ ರೊಟ್ಟಿಯಲ್ಲಿಯೇ ಸುತ್ತಿ ತಿನ್ನುವುದರಿಂದ, ನೀವು ದಪ್ಪ ಚಪಾತಿಯಲ್ಲಿ ಸುತ್ತಿ ಕೊಟ್ಟರೂ ಸಂಪ್ರದಾಯಕ್ಕೆ ಕೊರತೆಯಾಗದು. ಕುರಿಯ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ. ಆದ್ದರಿಂದ ಬಿಸಿಯಾಗಿರುವಾಗಲೇ ತಿನ್ನಬೇಕು. ಇದು ಕೊಬ್ಬಿನ ಆಹಾರ. ಒಬ್ಬರಿಗೆ ಒಂದು, ಜೊತೆಗೆ ಧಾರಾಳವಾಗಿ ಹಸಿ ತರಕಾರಿ ಇದ್ದರೆ ಹಿತ.

ಉಳಿಸುವುದು ಮತ್ತು ಮಾರುವುದು

ಹಸಿ ಕೈಮವನ್ನು 4 ಡಿಗ್ರಿ ಇರುವ ಫ್ರಿಜ್ಜಿನಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು ದಿನ ಇಡಬಹುದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಂದಿನದನ್ನು ಅಂದೇ ಮುಗಿಸಿ. ಹೊರಗೆ ಒಟ್ಟು ಎರಡು ಗಂಟೆಗಿಂತ ಹೆಚ್ಚು, ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬಾರದು. ಪೇಟೆಯಿಂದ ಬಸ್ಸಿನಲ್ಲಿ ತರುವ ಹೊತ್ತನ್ನೂ ಇದರಲ್ಲೇ ಎಣಿಸಬೇಕು. ದೂರದವರು ಮಂಜುಗಡ್ಡೆ ಹಾಕಿದ ಡಬ್ಬಿಯಲ್ಲಿ ತನ್ನಿ. ಕೆಟ್ಟ ವಾಸನೆ ಇಲ್ಲದ ಮಾತ್ರಕ್ಕೆ ಕೈಮ ಒಳ್ಳೆಯದಿದೆ ಎಂದಲ್ಲ. ಕಾಯಿಲೆ ತರುವ ರೋಗಾಣುಗಳು ವಾಸನೆ ಬಾರದೆಯೂ ಬೆಳೆದಿರಬಲ್ಲವು.

ಜಾತ್ರೆ, ಸಂತೆಗಳಲ್ಲಿ ಇದನ್ನು ಮಾಡಿ ಮಾರಬಹುದೇ ಎಂದು ಕೇಳುವ ಗುಂಪುಗಳಿವೆ. ಮಾರಬಹುದು. ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಸಣ್ಣ ಮಾರಾಟಗಾರರೂ ನೋಂದಣಿ ಮಾಡಿಸಿರಬೇಕು. ಮನೆಯಲ್ಲಿ ನಾಲ್ಕು ಜನರಿಗೆ ಆಗುವ ತಪ್ಪು ಸಂತೆಯಲ್ಲಿ ನಾನೂರು ಜನರಿಗೆ ಆಗುತ್ತದೆ. ಆದ್ದರಿಂದ ಮಂಜುಗಡ್ಡೆಯ ಡಬ್ಬಿ, ಥರ್ಮಾಮೀಟರು, ಕೈತೊಳೆಯಲು ಸೋಪು ನೀರು ಈ ಮೂರೂ ಇಲ್ಲದೆ ಅಂಗಡಿ ಹಾಕಬೇಡಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಭುಜ, ಕತ್ತು, ಎದೆಯ ಮಾಂಸ ಆರಿಸಿ. ನಾಲ್ಕು ಪಾಲಿಗೆ ಒಂದು ಪಾಲು ಕೊಬ್ಬು ಇರಲಿ.
2. ಕೈಮ ಮಾಡಿದ ದಿನವೇ ಬೇಯಿಸಿ, ಅಲ್ಲಿಯವರೆಗೆ ತಣ್ಣಗಿಡಿ.
3. ಈರುಳ್ಳಿ ನೀರು ಹಿಂಡಿ, ಉಪ್ಪು ಕೊನೆಗೆ, ಹೆಚ್ಚು ನಾದಬೇಡಿ.
4. ಬಿಲ್ಲೆಯ ದಪ್ಪ ಒಂದೂವರೆ ಸೆಂಟಿಮೀಟರ್ ಮೀರದಿರಲಿ.
5. ನಡುಭಾಗ 71 ಡಿಗ್ರಿ ಮುಟ್ಟಲಿ. ಅಳೆಯಲು ಸಾಧನವಿಲ್ಲದಿದ್ದರೆ ಗೊಜ್ಜಿನಲ್ಲಿ ಕುದಿಸಿ.
6. ಹಸಿ ಮಾಂಸದ ತಟ್ಟೆ, ಮಣೆ, ಕತ್ತಿಗಳು ಬೆಂದದ್ದಕ್ಕೂ ತರಕಾರಿಗೂ ತಾಗದಿರಲಿ.

ಅಂದು ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಊರಿಗೆ ಬಂದಾಗಲೆಲ್ಲ "ಅತ್ತೆ, ಬರ್ಗರ್ ಮಾಡಿ" ಎಂದು ಅವನೇ ಕೇಳುತ್ತಾನೆ. ಮಾಡುತ್ತೇನೆ. ಥರ್ಮಾಮೀಟರಿನ ಕಡ್ಡಿ ಚುಚ್ಚಿ ನೋಡುವುದು ಮಾತ್ರ ಅವನ ತಾಯಿಯ ಕೆಲಸ. ಅವಳು ಸರಿ ಎಂದ ಮೇಲೆಯೇ ಬಿಲ್ಲೆ ತಟ್ಟೆಗೆ ಬರುವುದು. ನೀವೂ ನಿಮ್ಮ ಮನೆಗಳಲ್ಲಿ ಮಾಡಿ ನೋಡಿ, ಮುಂದಿನ ಶಿಬಿರದಲ್ಲಿ ಹೇಗಾಯಿತೆಂದು ತಿಳಿಸಿ.